ಎರಡು ಪುಸ್ತಕಗಳು, ಎರಡು ಸರಕಾರಗಳು

ಚಳಿಗಾಲ ಬಂತೆಂದರೆ ಹುಬ್ಬಳ್ಳಿಯಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳ ಸಾಲು ಕಾಣಿಸಿಕೊಳ್ಳುವುದು ನಮಗೆಲ್ಲ ಪರಿಚಿತವಾದ ದೃಶ್ಯ. ಕ್ರಿಸ್ಮಸ್ ಹಬ್ಬದ ಮಧ್ಯರಾತ್ರಿಯ ಬಲಿಪೂಜೆಗೆ ಮಕ್ಕಳನ್ನು ಬೆಚ್ಚಗೆ ಕರೆದೊಯ್ಯಲೆಂದು ಆ ಅಂಗಡಿಗಳಲ್ಲಿ ಚೌಕಾಸಿ ಮಾಡದ ಕುಟುಂಬ ಕಲಘಟಗಿ ಭಾಗದಲ್ಲಿ ವಿರಳವೆಂದೇ ಹೇಳಬೇಕು. ಆದರೆ ಆ ವ್ಯಾಪಾರಿಗಳು ಎಲ್ಲಿಂದ ಬರುತ್ತಾರೆ, ಯಾವ ಆಡಳಿತಕ್ಕೆ ಒಳಪಟ್ಟು ಬದುಕುತ್ತಾರೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ.

ಕೆಲವು ಕಾಲದ ಹಿಂದೆ ನಮ್ಮ ಧರ್ಮಕೇಂದ್ರದ ಕೆಲವು ಯುವಕರೊಡನೆ ನಾವು ತಡಸದ ಮಾರ್ಗವಾಗಿ ಮುಂಡಗೋಡದ ಟಿಬೆಟಿಯನ್ ನಿರಾಶ್ರಿತರ ನೆಲೆಗೆ ಹೋಗಿದ್ದೆವು. ಮಠಗಳನ್ನು ನೋಡಿ ಮುಗಿಸಿ ಒಂದು ಚಿಕ್ಕ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ಅಂಗಡಿಯ ಹೆಂಗಸನ್ನು ಕೇಳಿಯೇಬಿಟ್ಟ: "ಅಕ್ಕಾರ, ನಿಮ್ಮ ಸರಕಾರ ಯಾವುದ್ರೀ?" ಆಕೆ ನಕ್ಕು, ಗಲ್ಲೆಯ ಪೆಟ್ಟಿಗೆಯಿಂದ ಎರಡು ಪುಸ್ತಕಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಒಂದು, ವಿದೇಶೀಯರೆಂದು ಪೊಲೀಸ್ ಇಲಾಖೆಯಲ್ಲಿ ನೋಂದಣಿಯಾದುದಕ್ಕೆ ಭಾರತ ಸರಕಾರ ಕೊಡುವ ಪ್ರಮಾಣಪತ್ರದ ಪುಸ್ತಕ. ಇನ್ನೊಂದು ಹಸಿರು ಹೊದಿಕೆಯದು. "ಇದು ನಿಮ್ಮ ಸರಕಾರದ್ದು ತಮ್ಮಾ, ಇದು ನಮ್ಮದು," ಎಂದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಒಂದು ದೇಶದೊಳಗೆ ಇನ್ನೊಂದು ಸರಕಾರವಿರುವುದು ಸರಿಯೇ ಎಂದು ವಾದಕ್ಕಿಳಿದ. ಆ ವಾದ ಅವನೊಬ್ಬನದಲ್ಲ. "ಅವರದೇ ಬೇರೆ ಸರಕಾರ, ಬೇರೆ ತೆರಿಗೆ, ಬೇರೆ ಕಾನೂನು" ಎಂಬ ಅಸಮಾಧಾನದ ಮಾತು ನಮ್ಮ ಭಾಗದ ಸಂತೆಗಳಲ್ಲೂ ಬಸ್ ನಿಲ್ದಾಣಗಳಲ್ಲೂ ಆಗಾಗ ಕಿವಿಗೆ ಬೀಳುತ್ತದೆ. ಅಲ್ಪಸಂಖ್ಯಾತರಾದ ನಮ್ಮ ಬಗೆಗೂ ಹೊರಗಿನವರು ಇಂಥದೇ ಮಾತನ್ನು ಆಡಿದ್ದುಂಟು: ಅವರಿಗೆ ರೋಮಾಪುರಿಯ ಅಪ್ಪಣೆಯೇ ಮೊದಲು ಎಂದು. ಆದುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಉಚಿತ.

ಮೊದಲು ನೆಲದ ಸಂಗತಿ. 1959ರ ಮಾರ್ಚ್ 10ರಂದು ಟಿಬೆಟಿನ ಲ್ಹಾಸಾ ನಗರದಲ್ಲಿ ಚೀನೀ ಆಳ್ವಿಕೆಯ ವಿರುದ್ಧ ದಂಗೆ ಎದ್ದಿತು. ಅದಕ್ಕೂ ಮುಂಚೆ, 1958ರಲ್ಲಿಯೇ, ಖಾಮ್ ಪ್ರಾಂತದ ಯೋಧರು "ಚುಶಿ ಗಂಗ್‌ದ್ರುಕ್" ಎಂಬ ಸಶಸ್ತ್ರ ಸಂಘಟನೆಯನ್ನು ಕಟ್ಟಿ ದಕ್ಷಿಣ ಟಿಬೆಟಿನ ಕೆಲ ಭಾಗವನ್ನು ತಮ್ಮ ವಶದಲ್ಲಿ ಇರಿಸಿಕೊಂಡಿದ್ದರು. ಲ್ಹಾಸಾದಿಂದ ಪಾರಾಗಿ ಹೊರಟ ದಲೈ ಲಾಮಾ ಅವರು ಬಂಡುಕೋರರ ವಶದಲ್ಲಿದ್ದ ಆ ಪ್ರದೇಶದ ಲುಂತ್ಸೆ ಜೋಂಗ್ ಎಂಬ ಕೋಟೆಯಲ್ಲಿ ಮಾರ್ಚ್ 26ರಂದು ತಮ್ಮ ತಾತ್ಕಾಲಿಕ ಸರಕಾರವನ್ನು ಘೋಷಿಸಿದರು. ಐದು ದಿನಗಳ ನಂತರ ಭಾರತದ ಗಡಿ ದಾಟಿದರು. ಅಂದರೆ, ಇಂದು ಧರ್ಮಶಾಲೆಯಲ್ಲಿರುವ ಆಡಳಿತದ ಮೂಲವನ್ನು ಅರಸುತ್ತ ಹೋದರೆ ನಾವು ತಲುಪುವುದು ಬಂಡುಕೋರರು ಹಿಡಿದಿದ್ದ ಒಂದು ಕಣಿವೆಗೆ. ವಿದ್ವಾಂಸರು ಇಂದು "ಬಂಡುಕೋರರ ಆಡಳಿತ" ಎಂದೂ "ಮಾನ್ಯತೆಯಿಲ್ಲದ ರಾಜ್ಯ" ಎಂದೂ ಎರಡು ಬೇರೆ ಶೀರ್ಷಿಕೆಗಳಡಿ ಅಧ್ಯಯನ ಮಾಡುವ ವಿಷಯಗಳೆರಡೂ ನಮ್ಮ ನೆರೆಯ ಈ ನೆಲೆಯ ಚರಿತ್ರೆಯಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ.

ಅಂದಿನ ಮೈಸೂರು ರಾಜ್ಯ ಈ ನಿರಾಶ್ರಿತರಿಗೆ ಉದಾರವಾಗಿ ನೆಲ ಕೊಟ್ಟಿತು. ಬೈಲಕುಪ್ಪೆಯ ನೆಲೆ ಮೊದಲು ಆರಂಭವಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ಬಳಿ ಸುಮಾರು 4000 ಎಕರೆ ಕಾಡುಭೂಮಿ ದೊರೆತು ಡೋಯೆಗುಲಿಂಗ್ ಎಂಬ ನೆಲೆ ತಲೆಯೆತ್ತಿತು. ಕಾಡು ಕಡಿದು ಗೋವಿನಜೋಳ ಬಿತ್ತಿದವರಲ್ಲಿ ಹಲವರು ಹಿಮದ ನಾಡಿನಲ್ಲಿ ಕುರಿ, ಯಾಕ್ ಮೇಯಿಸಿದವರು. ನಮ್ಮ ಮಲೆನಾಡ ಸೆರಗಿನ ಮಳೆ, ಸೆಕೆ, ಜ್ವರಗಳನ್ನು ಕಂಡರಿಯದವರು. ಮುಂದೆ ಟಿಬೆಟಿನ ಮಹಾಮಠಗಳಾದ ಗಾದೆನ್ ಮತ್ತು ದ್ರೆಪುಂಗ್ ಇಲ್ಲಿಯೇ ಮರುಸ್ಥಾಪನೆಗೊಂಡವು. ನೆಲ ಮಾತ್ರ ಅವರದಲ್ಲ, ಗುತ್ತಿಗೆಯದು.

ಇನ್ನು ಆ ಹಸಿರು ಪುಸ್ತಕದ ವಿಚಾರ. 1972ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಪ್ರತಿಯೊಬ್ಬ ಟಿಬೆಟಿಯನ್ ತನ್ನ ಆಡಳಿತಕ್ಕೆ ವರ್ಷಕ್ಕೊಮ್ಮೆ ಸ್ವಯಂಪ್ರೇರಿತ ಕಾಣಿಕೆಯನ್ನು ಕಟ್ಟಿ ಪುಸ್ತಕದಲ್ಲಿ ಮೊಹರು ಹಾಕಿಸಿಕೊಳ್ಳುತ್ತಾನೆ. ಕಟ್ಟದಿದ್ದರೆ ಯಾರೂ ಬಂಧಿಸುವುದಿಲ್ಲ, ಜಪ್ತಿ ಮಾಡುವುದಿಲ್ಲ. ಆದರೆ ಮತದಾನಕ್ಕೆ, ಆಡಳಿತದ ನೌಕರಿಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಆ ಪುಸ್ತಕ ಬೇಕು. ಅದಕ್ಕಿಂತ ಹೆಚ್ಚಾಗಿ, ತಾನು ಈ ಜನರಲ್ಲೊಬ್ಬ ಎಂದು ಹೇಳಿಕೊಳ್ಳಲು ಬೇಕು. ಧರ್ಮಶಾಲೆಯಲ್ಲಿ 45 ಸದಸ್ಯರ ಸಂಸತ್ತಿದೆ. 1991ರಲ್ಲಿ ಅಂಗೀಕರಿಸಿದ ಸಂವಿಧಾನ ಸಮಾನವಾದ ಶಾಸನವಿದೆ. 2001ರಿಂದ ಆಡಳಿತದ ಮುಖ್ಯಸ್ಥನನ್ನು ಜನರೇ ನೇರವಾಗಿ ಆರಿಸುತ್ತಾರೆ. 2011ರಲ್ಲಿ ದಲೈ ಲಾಮಾ ಅವರು ತಮ್ಮ ರಾಜಕೀಯ ಅಧಿಕಾರವನ್ನೆಲ್ಲ ಆ ಚುನಾಯಿತರಿಗೆ ಒಪ್ಪಿಸಿದರು. ಆ ವರ್ಷ ಲೋಬ್ಸಾಂಗ್ ಸಂಗೈ, 2021ರಲ್ಲಿ ಪೆನ್ಪಾ ತ್ಸೆರಿಂಗ್ ಆಯ್ಕೆಯಾದರು. ಜಗತ್ತಿನ ಯಾವುದೇ ರಾಷ್ಟ್ರವೂ ಇದನ್ನು ಸರಕಾರವೆಂದು ಮಾನ್ಯ ಮಾಡಿಲ್ಲ, ಭಾರತವೂ ಮಾಡಿಲ್ಲ. ಆದರೂ ಈ ಆಡಳಿತದ ವೆಚ್ಚಕ್ಕೂ ನೆಲೆಗಳ ನಿರ್ವಹಣೆಗೂ ನಮ್ಮ ಕೇಂದ್ರ ಸರಕಾರ 2015ರ ನಂತರ ಐದು ವರ್ಷಗಳಿಗೆ 40 ಕೋಟಿ ರೂಪಾಯಿಯ ನೆರವನ್ನು ಮಂಜೂರು ಮಾಡಿ, ಬಳಿಕ ಅದನ್ನು ಮುಂದುವರಿಸಿತು. ಮಾನ್ಯತೆ ಇಲ್ಲ, ಮನ್ನಣೆ ಇದೆ! ರಾಜತಾಂತ್ರಿಕ ಭಾಷೆಯ ಇಂಥ ಚಮತ್ಕಾರಗಳು ಸಾಮಾನ್ಯರಾದ ನಮ್ಮ ತರ್ಕಕ್ಕೆ ಒಗ್ಗುವುದು ಕಷ್ಟ.

ಬ್ರಿಟನ್ನಿನ ಭೂಗೋಳ ಶಾಸ್ತ್ರಜ್ಞೆ ಫಿಯೋನಾ ಮ್ಯಾಕ್‌ಕಾನೆಲ್ ಅವರು ಈ ಆಡಳಿತವನ್ನು ಹಲವು ವರ್ಷ ಅಭ್ಯಸಿಸಿ 2016ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ನಾಟಕದ ತಾಲೀಮಿಗೆ ಹೋಲಿಸುತ್ತಾರೆ. ಮುಂದೆಂದೋ ನಡೆಯಬೇಕಾದ ಪ್ರದರ್ಶನಕ್ಕಾಗಿ ಜನರೂ ಅಧಿಕಾರಿಗಳೂ ದಿನವೂ ರಾಜ್ಯವನ್ನು ಅಭ್ಯಾಸ ಮಾಡುತ್ತಿದ್ದಾರೆ ಎಂಬುದು ಅವರ ಅಭಿಪ್ರಾಯದ ತಿರುಳು. ಹೋಲಿಕೆ ಸೊಗಸಾಗಿದೆ. ಆದರೆ ಮುಂಡಗೋಡದಲ್ಲಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ರೋಗಿಗೆ, ಶಾಲೆಗೆ ಹೋಗುವ ಮಗುವಿಗೆ ಅದು ತಾಲೀಮಲ್ಲ, ಅದೇ ಜೀವನ ಎಂಬುದನ್ನು ನಾವು ಸೇರಿಸಬಯಸುತ್ತೇವೆ.

ಕಳೆದ ಎರಡು ದಶಕಗಳಲ್ಲಿ ಅಂತರ್ಯುದ್ಧಗಳ ಬಗೆಗಿನ ವಿದ್ವತ್ತಿನ ದಿಕ್ಕೇ ಬದಲಾಗಿದೆಯೆನ್ನಬಹುದು. ಹಿಂದೆ ವಿದ್ವಾಂಸರು ದಂಗೆ ಏಕೆ ಏಳುತ್ತದೆ, ಎಷ್ಟು ಜನ ಸಾಯುತ್ತಾರೆ, ಹೇಗೆ ಮುಗಿಯುತ್ತದೆ ಎಂದು ಕೇಳುತ್ತಿದ್ದರು. ಈಗ ಅವರು ಕೇಳುವ ಪ್ರಶ್ನೆ ಬೇರೆ: ಬಂಡುಕೋರರ ವಶಕ್ಕೆ ಹೋದ ಊರಿನಲ್ಲಿ ಮರುದಿನ ಬೆಳಿಗ್ಗೆ ಏನಾಗುತ್ತದೆ? ಹೊಲದ ಬದುವಿನ ಜಗಳವನ್ನು ಯಾರು ಬಗೆಹರಿಸುತ್ತಾರೆ? ಸಂತೆಯ ಸುಂಕ ಯಾರಿಗೆ ಸಲ್ಲುತ್ತದೆ? ಶಾಲೆಯ ಮೇಷ್ಟರಿಗೆ ಸಂಬಳ ಕೊಡುವವರಾರು? ಝಕಾರಿಯಾ ಮ್ಯಾಂಪಿಲ್ಲಿ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ರೀಲಂಕೆಯ ತಮಿಳು ಹುಲಿಗಳು, ದಕ್ಷಿಣ ಸುಡಾನಿನ ಬಂಡುಕೋರರು, ಕಾಂಗೋ ದೇಶದ ಗೋಮಾ ನಗರವನ್ನು ಹಿಡಿದಿದ್ದ ಪಡೆ, ಈ ಮೂವರ ಆಡಳಿತವನ್ನು ಒಂದರ ಪಕ್ಕ ಒಂದನ್ನಿಟ್ಟು ತೂಗಿದ್ದಾರೆ. ಬಂದೂಕು ಮೂವರ ಕೈಯಲ್ಲೂ ಇತ್ತು, ಆಡಳಿತ ಮಾತ್ರ ಒಂದೇ ತೆರನಾಗಿರಲಿಲ್ಲ.

ತಮಿಳು ಹುಲಿಗಳ ದೃಷ್ಟಾಂತ ಕಥೋಲಿಕರಾದ ನಮಗೆ ಹತ್ತಿರದ್ದು. ಅವರು 1991ರಲ್ಲಿ ತಮ್ಮದೇ ಪೊಲೀಸ್ ಪಡೆಯನ್ನೂ 1993ರಲ್ಲಿ ನ್ಯಾಯಾಲಯಗಳನ್ನೂ ತೆರೆದರು. ಬ್ಯಾಂಕು ಇತ್ತು, ತೆರಿಗೆ ಇತ್ತು, ಕಿಳಿನೊಚ್ಚಿ ಪಟ್ಟಣ ರಾಜಧಾನಿಯಂತಿತ್ತು. ಸೋಜಿಗವೆಂದರೆ, ಆ ಪ್ರದೇಶದ ಶಾಲಾ ಶಿಕ್ಷಕರಿಗೂ ವೈದ್ಯರಿಗೂ ಕೊಲಂಬೊ ಸರಕಾರವೇ ಸಂಬಳ ಕಳುಹಿಸುತ್ತಲಿತ್ತು. ಒಂದು ಕಡೆ ಗುಂಡಿನ ಚಕಮಕಿ, ಇನ್ನೊಂದು ಕಡೆ ತಿಂಗಳ ಸಂಬಳ. ದಕ್ಷವಾದ ಆಡಳಿತವೆಂದು ಹೊರಗಿನ ಪತ್ರಕರ್ತರು ಹೊಗಳಿದ್ದುಂಟು. ಆದರೆ ಅದೇ ಹುಲಿಗಳು 1990ರ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತದ ಮುಸಲ್ಮಾನರನ್ನೆಲ್ಲ ಕೆಲವೇ ದಿನಗಳ, ಕೆಲವೆಡೆ ಕೆಲವೇ ಗಂಟೆಗಳ ಗಡುವು ಕೊಟ್ಟು ಹೊರದಬ್ಬಿದರು. ಎಳೆಯ ಮಕ್ಕಳನ್ನು ಪಡೆಗೆ ಸೇರಿಸಿದರು. ಸಿಂಹಳೀ ಮತ್ತು ತಮಿಳು ಕಥೋಲಿಕರು ಒಟ್ಟಾಗಿ ಹರಕೆ ಹೊರುವ ಮಡು ದೇವಮಾತೆಯ ಪುಣ್ಯಕ್ಷೇತ್ರದಲ್ಲಿ ಸಾವಿರಾರು ನಿರಾಶ್ರಿತರು ಆಶ್ರಯ ಪಡೆದಿದ್ದರು. 1999ರ ನವೆಂಬರ್‌ನಲ್ಲಿ ಎರಡು ಪಡೆಗಳ ಕಾಳಗದ ನಡುವೆ ಅಲ್ಲಿಗೂ ಷೆಲ್ಲುಗಳು ಬಂದು ಬಿದ್ದು ಸುಮಾರು 40 ಮಂದಿ ಸತ್ತರು. 2008ರಲ್ಲಿ ಮಾತೆಯ ಪುರಾತನ ಪ್ರತಿಮೆಯನ್ನೇ ಧರ್ಮಗುರುಗಳು ಅಲ್ಲಿಂದ ಸಾಗಿಸಬೇಕಾಯಿತು. ಕೊನೆಗೆ 2009ರ ಮೇ ತಿಂಗಳಲ್ಲಿ ಎಲ್ಲವೂ ಮುಗಿಯುವ ಮುನ್ನ, ತಮ್ಮ "ಪ್ರಜೆ"ಗಳು ಯುದ್ಧಭೂಮಿಯಿಂದ ತಪ್ಪಿಸಿಕೊಂಡು ಹೋಗಲೆತ್ನಿಸಿದಾಗ ಹುಲಿಗಳು ಅವರ ಮೇಲೆಯೇ ಗುಂಡು ಹಾರಿಸಿದರೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ವರದಿ ಮಾಡಿತು. ಸರಕಾರಿ ಪಡೆಗಳ ಷೆಲ್ ದಾಳಿಗೆ ಇನ್ನೂ ಹೆಚ್ಚು ನಾಗರಿಕರು ಬಲಿಯಾದರೆಂಬುದನ್ನೂ ಅದೇ ವರದಿ ಹೇಳಿದೆ.

ಇಲ್ಲಿಯೇ ಮುಂಡಗೋಡಕ್ಕೂ ಕಿಳಿನೊಚ್ಚಿಗೂ ಇರುವ ಅಂತರ ಸ್ಪಷ್ಟವಾಗುತ್ತದೆ. ಮಾನ್ಯತೆ ಎರಡಕ್ಕೂ ಇರಲಿಲ್ಲ. ಶಾಲೆ, ತೆರಿಗೆ, ದಾಖಲೆ ಪುಸ್ತಕ ಎರಡರಲ್ಲೂ ಇದ್ದವು. ಆದರೆ ಒಂದು ಆಡಳಿತಕ್ಕೆ "ಒಲ್ಲೆ" ಎಂದು ಹೇಳಿ ಎದ್ದು ಹೋಗಬಹುದು, ಇನ್ನೊಂದಕ್ಕೆ ಹೇಳುವಂತಿರಲಿಲ್ಲ. ಒಂದು ಸರಕಾರವನ್ನು ಅಳೆಯುವಾಗ ಅದಕ್ಕೆ ಯಾರ ಮಾನ್ಯತೆಯಿದೆ ಎಂಬುದಕ್ಕಿಂತ, ಅದರ ಕೈಕೆಳಗಿನವನು ಅದನ್ನು ನಿರಾಕರಿಸಿದರೆ ಅವನ ಗತಿಯೇನು ಎಂಬುದನ್ನೇ ಮೊದಲು ಕೇಳಬೇಕೆಂದು ನಮಗೆ ತೋರುತ್ತದೆ. ಮಾನ್ಯತೆ ಪಡೆದ ಸರಕಾರಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಮ್ಯಾಂಪಿಲ್ಲಿಯವರು ಅಭ್ಯಸಿಸಿದ ಕಾಂಗೋ ದೇಶದ ಪಡೆಗೆ ಆಡಳಿತ ನಡೆಸುವುದು ಬರಲೇ ಇಲ್ಲ. ಅಲ್ಲಿ ಶಾಲೆ, ಆಸ್ಪತ್ರೆಗಳನ್ನು ಬಹುಮಟ್ಟಿಗೆ ನಡೆಸುತ್ತಿದ್ದುದು ಧರ್ಮಸಭೆ. ಬಂಡುಕೋರರ ಸುಲಿಗೆಯನ್ನು ತಮ್ಮ ಕ್ರಿಸ್ಮಸ್ ಸಂದೇಶದಲ್ಲಿ ಖಂಡಿಸಿದ ಬುಕಾವು ಮಹಾಧರ್ಮಾಧ್ಯಕ್ಷ ಎಮ್ಯಾನುಯೆಲ್ ಕಟಾಲಿಕೊ ಅವರನ್ನು 2000ದ ಫೆಬ್ರವರಿಯಲ್ಲಿ ಆ ಪಡೆ ಗಡೀಪಾರು ಮಾಡಿತು. ತಿಂಗಳುಗಳ ನಂತರ ಅವರು ಮರಳಿ ಬಂದರಾದರೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ರೋಮಾಪುರಿಯಲ್ಲಿ ತೀರಿಕೊಂಡರು. ಜನ ಯಾರ ಮಾತು ಕೇಳುತ್ತಾರೆಂಬುದು ಬಂದೂಕು ಹಿಡಿದವರಿಗೆ ಚೆನ್ನಾಗಿ ತಿಳಿದಿತ್ತು.

ಇಂಥ ಸಂಗತಿಗಳೆಲ್ಲ ದೂರದೇಶದವು, ನಮ್ಮ ಕನ್ನಡನಾಡಿಗೆ ಸಂಬಂಧಿಸಿದವಲ್ಲ ಎಂದು ಯಾರಾದರೂ ಭಾವಿಸಿದರೆ ಅವರಿಗೆ ಶಿವಮೊಗ್ಗ ಜಿಲ್ಲೆಯ ಈಸೂರನ್ನು ನೆನಪಿಸಬೇಕು. 1942ರಲ್ಲಿ, "ಭಾರತ ಬಿಟ್ಟು ತೊಲಗಿ" ಚಳವಳಿಯ ಕಾಲದಲ್ಲಿ, ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿತು. ಕಂದಾಯ ವಸೂಲಿಗೆ ಬಂದವರ ಲೆಕ್ಕದ ಪುಸ್ತಕಗಳನ್ನು ಊರವರು ಕಸಿದುಕೊಂಡರು. ಸರಕಾರಿ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂದು ಊರ ಬಾಗಿಲಲ್ಲಿ ಫಲಕ ಹಾಕಿದರು. ವೀರಭದ್ರ ದೇವಾಲಯದ ಮೇಲೆ ಧ್ವಜವೇರಿಸಿದರು. ಜಯಣ್ಣನೆಂಬ ಬಾಲಕನನ್ನು ಅಮಲ್ದಾರನೆಂದೂ ಮಲ್ಲಪ್ಪನೆಂಬ ಬಾಲಕನನ್ನು ಸಬ್‌ಇನ್‌ಸ್ಪೆಕ್ಟರನೆಂದೂ ನೇಮಿಸಿದರು. ಎಳೆಯರಾದ್ದರಿಂದ ಅವರನ್ನು ಸೆರೆಮನೆಗೆ ಹಾಕಲಾರರೆಂಬುದು ಹಿರಿಯರ ಲೆಕ್ಕಾಚಾರ. ಲೋಕದ ಬಂಡುಕೋರ ಸರಕಾರಗಳ ಚರಿತ್ರೆಯಲ್ಲಿ ಮಕ್ಕಳನ್ನು ಮುಂದಿಟ್ಟುಕೊಂಡು ಬಂದೂಕಿಲ್ಲದೆ ಹುಟ್ಟಿದ ಇಂಥ ಸರಕಾರ ಇನ್ನೊಂದಿರಲಾರದು.

ಅದು ಬಾಳಿದ್ದು ಅತಿ ಅಲ್ಪಕಾಲ. 1942ರ ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೊಪ್ಪಿಗೆ ಧರಿಸಬೇಕೆಂದು ಜನ ಒತ್ತಾಯಿಸಿದರು, ಮಾತು ಬೆಳೆಯಿತು, ಕೈಮಿಲಾಯಿಸಿ ಘರ್ಷಣೆಯಾಯಿತು, ಆ ಇಬ್ಬರು ಅಧಿಕಾರಿಗಳೂ ಜನರ ಕೈಯಲ್ಲಿ ಹತರಾದರು. ಅನಂತರ ಪಡೆಗಳು ಊರಿಗೆ ನುಗ್ಗಿ ಮನೆಗಳನ್ನು ಸೂರೆ ಮಾಡಿದವು. ಜನ ಕಾಡು ಸೇರಿದರು. ವಿಚಾರಣೆ ನಡೆದು ಮಹಿಳೆಯರೂ ಸೇರಿದಂತೆ ಅನೇಕರಿಗೆ ಸೆರೆವಾಸವಾಯಿತು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಹಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ಈಸೂರಿನ ಹುತಾತ್ಮರಿಗೆ ನಾವು ತಲೆಬಾಗುತ್ತೇವೆ. ಆದರೂ ಆ ದಿನ ಸತ್ತ ಇಬ್ಬರು ನೌಕರರೂ ಕನ್ನಡಿಗರೇ, ಮನೆಮಠ ಉಳ್ಳವರೇ ಆಗಿದ್ದರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿ ಹೋಗುತ್ತವೆ. ಆ ಪುಟ್ಟ ಸರಕಾರಕ್ಕೆ ಜನರ ಒಪ್ಪಿಗೆಯಿತ್ತು, ಆದರೆ ಜನರ ಸಿಟ್ಟನ್ನು ಹಿಡಿದು ನಿಲ್ಲಿಸುವ ಯಾವ ಏರ್ಪಾಡೂ ಇರಲಿಲ್ಲ. ನೆರೆಯ ಸಾತಾರೆಯಲ್ಲಿ ನಾನಾ ಪಾಟೀಲರು 1943ರಿಂದ 1946ರವರೆಗೆ ನಡೆಸಿದ "ಪ್ರತಿ ಸರಕಾರ" ಇನ್ನೂ ವ್ಯವಸ್ಥಿತವಾದುದು. ಅದಕ್ಕೆ ನ್ಯಾಯಮಂಡಳಿಗಳಿದ್ದವು, ಸೇವಾದಳವಿತ್ತು. ಆದರೆ ಪೊಲೀಸರಿಗೆ ಸುಳಿವು ಕೊಟ್ಟವರ ಅಂಗಾಲಿಗೆ ಹೊಡೆಯುವ ಶಿಕ್ಷೆಯಿಂದಾಗಿ ಜನ ಅದಕ್ಕೆ "ಪತ್ರಿ ಸರಕಾರ" ಎಂಬ ಇನ್ನೊಂದು ಹೆಸರನ್ನೂ ಇಟ್ಟರು. ನಮ್ಮ ಧಾರವಾಡ ಜಿಲ್ಲೆಯಲ್ಲೇ, 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆದುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅನಂತರದ ವರ್ಷಗಳಲ್ಲಿ ರೈತ ಸಂಘದವರು ಅನುಮತಿಯಿಲ್ಲದೆ ಅಧಿಕಾರಿಗಳು ಒಳಬರಬಾರದೆಂದು ಹಳ್ಳಿಗಳಲ್ಲಿ ಫಲಕ ನಿಲ್ಲಿಸಿದಾಗ, ಈಸೂರಿನ ಆ ಹಳೆಯ ಫಲಕ ಹಿರಿಯರ ನೆನಪಿಗೆ ಬಂದಿರಬೇಕು.

ಇನ್ನು ನಮ್ಮದೇ ಚರಿತ್ರೆ. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ರೋಮಾಪುರಿಯನ್ನು ವಶಪಡಿಸಿಕೊಂಡಾಗ ಜಗದ್ಗುರುಗಳ ಕೈಯಲ್ಲಿ ಅಂಗೈಯಗಲ ರಾಜ್ಯವೂ ಉಳಿಯಲಿಲ್ಲ. 1929ರ ಫೆಬ್ರವರಿ 11ರ ಲ್ಯಾಟರನ್ ಒಪ್ಪಂದದವರೆಗೆ, ಹತ್ತಿರ ಹತ್ತಿರ 59 ವರ್ಷ, ಪೀಠಕ್ಕೆ ನೆಲವಿರಲಿಲ್ಲ. ಆದರೂ ಹಲವು ರಾಷ್ಟ್ರಗಳು ಅಲ್ಲಿಗೆ ರಾಯಭಾರಿಗಳನ್ನು ಕಳುಹಿಸುತ್ತಲೇ ಇದ್ದವು. ಆ ನೆಲವಿಲ್ಲದ ಕಾಲದಲ್ಲೇ, 1886ರಲ್ಲಿ, ಹದಿಮೂರನೆಯ ಲಿಯೋ ಜಗದ್ಗುರುಗಳು ಪೋರ್ಚುಗಲ್ಲಿನ ದೊರೆಯೊಡನೆ ಮಾಡಿಕೊಂಡ ಒಪ್ಪಂದ ಭಾರತದ ಕಥೋಲಿಕರು ಯಾವ ಧರ್ಮಾಧ್ಯಕ್ಷರಿಗೆ ಒಳಪಡಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿತು.

ಅದಕ್ಕೆ ಹಿಂದೆ ನಮ್ಮ ಪೂರ್ವಿಕರು ಅನುಭವಿಸಿದ ಗೊಂದಲವನ್ನು ಇಂದಿನವರು ಊಹಿಸಲಾರರು. 1838ರಲ್ಲಿ ಹದಿನಾರನೆಯ ಗ್ರೆಗರಿ ಜಗದ್ಗುರುಗಳು ಪೋರ್ಚುಗೀಸ್ ದೊರೆಯ ಪದ್ರುವಾದೊ ಅಧಿಕಾರವನ್ನು ಭಾರತದ ಹಲವೆಡೆ ಮೊಟಕುಗೊಳಿಸಿದಾಗ, ಗೋವೆಗೆ ನಿಷ್ಠರಾದ ಧರ್ಮಗುರುಗಳಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ಒಂದೇ ಪಟ್ಟಣದಲ್ಲಿ ಎರಡು ಅಧಿಕಾರಗಳು. ಒಂದೇ ಮನೆತನದಲ್ಲಿ ಅಣ್ಣ ಒಂದು ದೇವಾಲಯಕ್ಕೆ, ತಮ್ಮ ಇನ್ನೊಂದು ದೇವಾಲಯಕ್ಕೆ. ಯಾರ ಮುಂದೆ ಆದ ಮದುವೆ ಸಿಂಧು, ಯಾರ ದಾಖಲೆಯಲ್ಲಿ ಬರೆದ ದೀಕ್ಷಾಸ್ನಾನ ನಿಜ ಎಂಬ ಕಾಳಗ. ಮುಂಬಯಿಯಲ್ಲಿ ಈ ದ್ವಂದ್ವ ಅಧಿಕಾರ 1928ರವರೆಗೂ ಉಳಿಯಿತು. ನಮ್ಮ ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ರಚನೆಯಾದದ್ದೂ ಗೋವೆ ಮತ್ತು ಪುಣೆಗಳ ಪ್ರದೇಶಗಳನ್ನು ಸೇರಿಸಿಯೇ. ಪೊಲೀಸ್ ಇಲ್ಲದ, ಸೆರೆಮನೆ ಇಲ್ಲದ ಒಂದು ಅಧಿಕಾರ ದಾಖಲೆ ಪುಸ್ತಕದ ಬಲದಿಂದಲೇ ಹೇಗೆ ನಡೆಯುತ್ತದೆಂಬುದನ್ನು ನಮಗೆ ಯಾವ ವಿದ್ವಾಂಸರೂ ಹೇಳಿಕೊಡಬೇಕಾಗಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಮಲಗಿದ ನಮ್ಮ ಮಕ್ಕಳ ಹೆಸರು ತಾಲ್ಲೂಕು ಕಚೇರಿಗೆ ತಲುಪುವ ಮೊದಲೇ ದೇವಾಲಯದ ಪುಸ್ತಕದಲ್ಲಿ ಬರೆದಿರುತ್ತಿದ್ದ ಕಾಲ ತೀರ ಹಳೆಯದೇನಲ್ಲ.

ಊರಿನಲ್ಲಿ ಮೊದಲೇ ಬೇರೂರಿದ ಇಂಥ ಸಂಸ್ಥೆಗಳಿದ್ದರೆ ಬಂದೂಕಿನ ಆಟ ಅಷ್ಟು ಸುಲಭವಾಗಿ ಸಾಗದು ಎಂಬುದನ್ನು ಕೊಲಂಬಿಯಾ ದೇಶದ ವಿದುಷಿ ಆನಾ ಅರ್ಜೋನಾ 2016ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ತಮ್ಮ ದೇಶದ ಹಳ್ಳಿಗಳನ್ನು ಹೋಲಿಸಿ ನೋಡಿದಾಗ ಅವರಿಗೆ ಕಂಡುದು ಇದು: ಜನರ ಜಗಳಗಳನ್ನು ನ್ಯಾಯವಾಗಿ ತೀರಿಸುವ, ಜನ ನಂಬುವ ವ್ಯವಸ್ಥೆ ಮೊದಲೇ ಇದ್ದ ಹಳ್ಳಿಗಳಲ್ಲಿ ಬಂಡುಕೋರರು ಕಾವಲು ಮತ್ತು ಸುಂಕಗಳಿಗಷ್ಟೇ ತೃಪ್ತರಾಗಬೇಕಾಯಿತು. ಅಂಥ ವ್ಯವಸ್ಥೆ ಇಲ್ಲದೆಡೆ ಅವರು ಗಂಡಹೆಂಡಿರ ವ್ಯಾಜ್ಯದಿಂದ ಹಿಡಿದು ಯುವಕರ ಉಡುಪಿನವರೆಗೆ ಎಲ್ಲಕ್ಕೂ ಕೈಹಾಕಿದರು. ಅದೇ ದೇಶದಲ್ಲಿ ಸಾನ್ ಹೊಸೆ ದೆ ಅಪಾರ್ತಾದೊ ಎಂಬ ಊರಿನ ರೈತರು 1997ರ ಮಾರ್ಚ್ 23ರಂದು ತಾವು ಯಾವ ಪಡೆಗೂ ಅನ್ನ, ಆಳು, ಸುದ್ದಿ ಕೊಡುವುದಿಲ್ಲವೆಂದು ಸಾರಿ "ಶಾಂತಿ ಸಮುದಾಯ"ವನ್ನು ಕಟ್ಟಿದರು. ಅಂಥ ತಟಸ್ಥ ನೆಲೆಯ ವಿಚಾರವನ್ನು ಅವರ ಮುಂದಿಟ್ಟವರು ಆ ಪ್ರದೇಶದ ಧರ್ಮಾಧ್ಯಕ್ಷರಾಗಿದ್ದ ಇಸಾಯಿಯಾಸ್ ದುವಾರ್ತೆ ಅವರು. ರೈತರು ಅದಕ್ಕೆ ತೆತ್ತ ಬೆಲೆ ಕಡಿಮೆಯಲ್ಲ. 2005ರ ಫೆಬ್ರವರಿಯ ಒಂದೇ ಹತ್ಯಾಕಾಂಡದಲ್ಲಿ ಮಕ್ಕಳೂ ಸೇರಿ 8 ಮಂದಿ ಪ್ರಾಣ ಬಿಟ್ಟರು. ಮುಂದೆ ಕಾಲಿ ನಗರದ ಮಹಾಧರ್ಮಾಧ್ಯಕ್ಷರಾದ ದುವಾರ್ತೆ ಅವರೂ 2002ರ ಮಾರ್ಚ್ 16ರಂದು ಕೊಲೆಯಾಗಿದ್ದರು. ಆ ಸಮುದಾಯ ಮಾತ್ರ ಚದುರಿ ಹೋಗಲಿಲ್ಲ.

ಮತ್ತೆ ಮುಂಡಗೋಡಕ್ಕೆ ಬರೋಣ. ಚುಶಿ ಗಂಗ್‌ದ್ರುಕ್ ಯೋಧರು 1960ರಿಂದ ನೇಪಾಳದ ಮುಸ್ತಾಂಗ್ ಪ್ರದೇಶದಿಂದ ಹೋರಾಟ ಮುಂದುವರಿಸಿದ್ದರು. 1974ರಲ್ಲಿ ದಲೈ ಲಾಮಾ ಅವರು ಧ್ವನಿಮುದ್ರಿತ ಸಂದೇಶವೊಂದನ್ನು ಕಳುಹಿಸಿ ಆಯುಧ ಕೆಳಗಿಡಲು ಹೇಳಿದರು. ಬಹುಪಾಲು ಯೋಧರು ಇಟ್ಟರು; ನೋವು ತಾಳಲಾರದೆ ಪ್ರಾಣ ಕಳೆದುಕೊಂಡವರೂ ಇದ್ದರು. ಬಂದೂಕು ಬಿಟ್ಟ ಮೇಲೆ ಉಳಿದದ್ದು ಆ ಹಸಿರು ಪುಸ್ತಕ. ಅದರಿಂದ ಜಗಳಗಳು ಇಲ್ಲವಾದವೆಂದಲ್ಲ. 2021ರ ಮಾರ್ಚ್‌ನಲ್ಲಿ ಅವರ ಸಂಸತ್ತು ತಮ್ಮ ಮೂವರು ನ್ಯಾಯಾಧಿಪತಿಗಳನ್ನೇ ವಜಾ ಮಾಡಿತು. ಅದು ಅಸಿಂಧುವೆಂದು ಅವರು ಪೀಠಕ್ಕೆ ಮರಳಿದರು. ಹೊಸದಾಗಿ ಚುನಾಯಿತರಾದವರು ಯಾರ ಮುಂದೆ ಪ್ರಮಾಣವಚನ ಸ್ವೀಕರಿಸಬೇಕೆಂಬುದರಲ್ಲಿಯೇ ಎರಡು ಪಕ್ಷವಾಗಿ ತಿಂಗಳುಗಟ್ಟಲೆ ಸಂಸತ್ತು ಸೇರಲಿಲ್ಲ. ಅಕ್ಟೋಬರ್‌ನಲ್ಲಿ ಬಿಕ್ಕಟ್ಟು ಬಗೆಹರಿದು ಪ್ರಮಾಣವಚನ ನಡೆಯಿತು. ಈ ಅವಧಿಯಲ್ಲಿ ಒಬ್ಬನನ್ನೂ ಯಾರೂ ಬಂಧಿಸಲಿಲ್ಲ, ಬಂಧಿಸಲು ಅವರಿಗೆ ಪೊಲೀಸರೇ ಇಲ್ಲ. ನಮ್ಮ ವಿಧಾನಸೌಧದ ಕೆಲವು ಪ್ರಸಂಗಗಳನ್ನು ಕಂಡವರಿಗೆ ಇದು ಸಣ್ಣ ಸಂಗತಿಯೆನಿಸದು.

ಆದರೆ "ಒಲ್ಲೆ" ಎನ್ನಲು ಬಿಡುವ ಸರಕಾರಕ್ಕೆ ಅದರದೇ ಆದ ಅಪಾಯವಿದೆ: ಜನ ನಿಜವಾಗಿಯೂ ಎದ್ದು ಹೋಗಬಹುದು. 2009ರಲ್ಲಿ ಟಿಬೆಟಿಯನ್ನರೇ ನಡೆಸಿದ ಗಣತಿಯಲ್ಲಿ ಭಾರತದಲ್ಲಿ 94,203 ಮಂದಿ ಇದ್ದರು. ಅಂದಿನಿಂದ ಆ ಸಂಖ್ಯೆ ಇಳಿಯುತ್ತಲೇ ಬಂದಿದೆ. ಯುವಕರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾ, ಫ್ರಾನ್ಸ್ ದೇಶಗಳಿಗೆ ಹೋಗುತ್ತಿದ್ದಾರೆ. ನಮ್ಮ ಕುಟುಂಬಗಳಿಗೂ ಇದು ಹೊಸ ಕಥೆಯಲ್ಲ. ಇನ್ನೊಂದು ಕಡೆ ಪೌರತ್ವದ ಪ್ರಶ್ನೆ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ನಮ್ಮ ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲೂ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲೂ ತೀರ್ಪಿತ್ತವು. ಅವರಿಗೆ ಪಾಸ್‌ಪೋರ್ಟ್ ಕೊಡಲು ಕೇಂದ್ರ ಒಪ್ಪಿತಾದರೂ 2017ರಲ್ಲಿ ಷರತ್ತುಗಳನ್ನು ವಿಧಿಸಿತು: ನೋಂದಣಿ ಪ್ರಮಾಣಪತ್ರವನ್ನು ಮರಳಿಸಬೇಕು, ನಿರಾಶ್ರಿತರ ನೆಲೆಯಲ್ಲಿ ವಾಸಿಸಬಾರದು, ಟಿಬೆಟಿಯನ್ ಆಡಳಿತದ ಸವಲತ್ತುಗಳನ್ನು ಬಿಟ್ಟುಕೊಡಬೇಕು. ಹುಟ್ಟಿ ಬೆಳೆದ ಕ್ಯಾಂಪಿನ ಮನೆ ಬೇಕೋ, ಪಾಸ್‌ಪೋರ್ಟ್ ಬೇಕೋ ಎಂಬ ಪ್ರಶ್ನೆಯಿದು. ಕಾನೂನು ಹುಟ್ಟಿನಿಂದಲೇ ಕೊಟ್ಟುದಕ್ಕೆ ಮನೆಯನ್ನು ಬೆಲೆಯಾಗಿ ಕೇಳುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. 2025ರ ಜುಲೈಯಲ್ಲಿ ತೊಂಬತ್ತು ತುಂಬಿದ ದಲೈ ಲಾಮಾ ಅವರು ತಮ್ಮ ನಂತರವೂ ಆ ಪೀಠ ಮುಂದುವರಿಯುವುದೆಂದು ಸಾರಿದ್ದಾರೆ. ಉತ್ತರಾಧಿಕಾರಿಯ ಆಯ್ಕೆಗೆ ತನ್ನ ಒಪ್ಪಿಗೆ ಬೇಕೆಂದು ಚೀನಾ ಹೇಳುತ್ತಲಿದೆ. ಧರ್ಮಾಧ್ಯಕ್ಷರ ನೇಮಕದಲ್ಲಿ ಅದೇ ಚೀನಾದೊಡನೆ ನಮ್ಮ ಧರ್ಮಸಭೆ 2018ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಬಲ್ಲ ಓದುಗರಿಗೆ ಆ ಹಗ್ಗಜಗ್ಗಾಟದ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

ಚಹಾದಂಗಡಿಯ ಆ ಹೆಂಗಸಿನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕೆಂದಿರುವುದನ್ನು ಆಕೆ ನಾವು ಹೊರಡುವ ಹೊತ್ತಿಗೆ ಹೇಳಿದಳು. ಅರ್ಜಿ ಹಾಕಿದರೆ ಊರಿನ ಮನೆ ಏನಾಗುತ್ತದೆಂದು ನಮ್ಮ ಹುಡುಗ ಕೇಳಿದ. ಆಕೆ ಉತ್ತರಿಸದೆ ಗಲ್ಲೆಯ ಪೆಟ್ಟಿಗೆಯಿಂದ ಇನ್ನೊಂದು ಹಸಿರು ಪುಸ್ತಕ ತೆಗೆದು ತೋರಿಸಿದಳು. ಅದು ಮಗನದು. ಆ ವರ್ಷದ ಕಾಣಿಕೆಯನ್ನು ಅವನ ಪರವಾಗಿ ತಾಯಿಯೇ ಕಟ್ಟಿ ಮೊಹರು ಹಾಕಿಸಿದ್ದಳು.